ಅರ್ಧ ಸೆಕೆಂಡು ಮೊದಲೇ

ಸಿಗ್ಬ್ರಿಟ್ ನೋರ್ಶೊಪಿಂಗ್ ಊರಿನ ಹಳದಿ ಟ್ರಾಮ್‌ಗಳನ್ನು ಮೂವತ್ತೊಂದು ವರ್ಷ ಓಡಿಸಿದ್ದಳು. ಅಷ್ಟು ವರ್ಷವೂ ಹಿಮ ಬಿದ್ದ ಹಳಿಯ ಮೇಲೆ, ಎಲೆ ಬಿದ್ದ ಹಳಿಯ ಮೇಲೆ, ಒಮ್ಮೆ ಯಾರದೋ ಹಳೆಯ ಸೋಫಾ ಬಿದ್ದ ಹಳಿಯ ಮೇಲೂ, ನಿಲ್ಲಬೇಕಾದ ಜಾಗದಲ್ಲೇ ನಿಂತಿದ್ದಳು. ಆದರೆ ಜನ ನೆನಪಿಟ್ಟುಕೊಂಡದ್ದು ಕೊನೆಯ ದಿನದ ಕೊನೆಯ ನಿಲುಗಡೆಯನ್ನು ಮಾತ್ರ. ಡಿಪೋದ ಮುಂದಿನ ನಿಲ್ದಾಣದಲ್ಲಿ ಸಹೋದ್ಯೋಗಿಗಳೆಲ್ಲ ಹಸಿರು ಹೊದಿಕೆಯ ಕೇಕನ್ನೂ ಪುಟ್ಟ ಬಾವುಟಗಳನ್ನೂ ಹಿಡಿದು ಸಾಲಾಗಿ ನಿಂತಿದ್ದರು. ಸಿಗ್ಬ್ರಿಟ್‌ಳ ಟ್ರಾಮ್ ಅವರನ್ನು ದಾಟಿ, ಕೇಕನ್ನೂ ದಾಟಿ, ಒಂದೂವರೆ ಬಂಡಿಯಷ್ಟು ಮುಂದೆ ಹೋಗಿ ನಿಂತಿತು.

"ಮನೆಗೆ ಹೋಗಕ್ಕೆ ಅಷ್ಟೊಂದು ಅವಸರಾನಾ?" ಎಂದು ಕೇಕು ಹಿಡಿದಿದ್ದ ಇಂಗೆಮಾರ್ ಕೂಗಿದ್ದ.

ಅದಾಗಿ ನಾಲ್ಕು ವರ್ಷ. ನಿವೃತ್ತ ಚಾಲಕರು ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಡಿಪೋದ ಕಾಫಿ ಕೋಣೆಯಲ್ಲಿ ಸೇರುವುದು ರೂಢಿ. ಇಂಗೆಮಾರ್ ಕೆನೆಯ ಜಗ್ಗನ್ನು ಅವಳ ಕಡೆ ಮೇಜಿನ ಮೇಲೆ ಜಾರಿಸುತ್ತ ತರುತ್ತಿದ್ದ. ಅದು ಅವಳ ಬಟ್ಟಲನ್ನು ದಾಟಿ ಒಂದೂವರೆ ಗೇಣು ಮುಂದೆ ಹೋಗಿ ನಿಲ್ಲುತ್ತಿತ್ತು. "ಅಯ್ಯೋ, ನಿಲ್ದಾಣ ತಪ್ಪೋಯ್ತು!" ಎನ್ನುತ್ತಿದ್ದ. ಸುತ್ತಲಿದ್ದವರು ನಗುತ್ತಿದ್ದರು. ಸಿಗ್ಬ್ರಿಟ್ ಕೂಡ ನಗುತ್ತಿದ್ದಳು, ಕೈ ಚಾಚಿ ಜಗ್ಗನ್ನು ಎಳೆದುಕೊಳ್ಳುತ್ತಿದ್ದಳು. ನಾಲ್ಕು ವರ್ಷ ಅಂದರೆ ನಲವತ್ತೆಂಟು ಮಂಗಳವಾರ. ಅಷ್ಟು ಸಲ ನಕ್ಕ ಮೇಲೆ ಎಂಥ ಸಾಧುವಿಗೂ ದವಡೆ ನೋಯುತ್ತದೆ.

ಆ ವರ್ಷದ ಜೂನಿನಲ್ಲಿ ಟ್ರಾಮ್ ಅಭಿಮಾನಿಗಳ ಸಂಘದಿಂದ ಒಂದು ಸುದ್ದಿ ಬಂತು. ಸಂಘದವರು ಊರಿನ ಎರಡನೇ ಲೈನನ್ನು ಕಲ್ಲು ಕಲ್ಲಾಗಿ ಕೂಡಿಸಿ ಕಂಪ್ಯೂಟರ್ ಆಟವಾಗಿ ಮಾಡಿದ್ದರು. ಸೆಪ್ಟೆಂಬರಿನ ಡಿಪೋ ಹಬ್ಬದಲ್ಲಿ ನಿವೃತ್ತ ಚಾಲಕರಿಗೆ ಅದರಲ್ಲೇ ಸ್ಪರ್ಧೆ. ಹನ್ನೆರಡು ನಿಲ್ದಾಣ, ಪ್ರತಿಯೊಂದರಲ್ಲೂ ಬಿಳಿ ಗೆರೆಗೆ ಯಾರು ಹೆಚ್ಚು ಹತ್ತಿರ ನಿಲ್ಲುತ್ತಾರೋ ಅವರು ಗೆದ್ದಂತೆ. ಗೆದ್ದವರು ಸಂಗ್ರಹಾಲಯದ ಹಳೆಯ ಬಂಡಿ, ಹದಿನಾರನೇ ನಂಬರನ್ನು, ಡಿಪೋದ ಅಂಗಳದಲ್ಲಿ ಒಂದು ಸುತ್ತು ಓಡಿಸಬಹುದು. ಎಲ್ಲರೂ ನೋಡುತ್ತಿರುವಾಗ ಒಂದು ನಿಲ್ದಾಣದಲ್ಲಿ ತಂದು ನಿಲ್ಲಿಸಬಹುದು.

ಸಿಗ್ಬ್ರಿಟ್ ಮನೆಗೆ ನಡೆದುಹೋಗುವಾಗ ಅದನ್ನೇ ಮನಸ್ಸಿನಲ್ಲಿ ಮಗುಚಿ ಹಾಕಿದಳು. ಎಲ್ಲರೂ ನೋಡುತ್ತಿರುವಾಗ, ಒಂದೇ ಒಂದು ಸಲ, ಗೆರೆಯ ಮೇಲೆ. ಅವಳಿಗೆ ಬೇಕಾದದ್ದು ಅಷ್ಟೆ.

ಮನೆಯಲ್ಲಿ ಒಂದು ಕಂಪ್ಯೂಟರ್ ಇತ್ತು, ಮಗಳು ಇಲ್ವಾ ಹೊಸದು ಕೊಂಡಾಗ ಅಮ್ಮನಿಗೆ ಕೊಟ್ಟ ಮಡಚುವ ಮ್ಯಾಕ್. ಸಿಗ್ಬ್ರಿಟ್ ಆಟವನ್ನು ಇಳಿಸಿಕೊಂಡು ಎರಡು ಸಲ ಒತ್ತಿದಳು. ಈ ಕಡತವನ್ನು ತೆರೆಯಲಾಗದು ಎಂದು ಮ್ಯಾಕ್ ಬಹಳ ಮರ್ಯಾದೆಯಿಂದ ತಿಳಿಸಿತು. ಅವಳು ಮಗಳಿಗೆ ಫೋನ್ ಮಾಡಿದಳು.

"ಅಮ್ಮಾ, ಅದು ವಿಂಡೋಸ್‌ಗೆ ಅಂತ ಮಾಡಿರೋ ಆಟ. ನಿನ್ನ ಹತ್ರ ಇರೋದು ಮ್ಯಾಕ್."

"ಅದೂ ಕಂಪ್ಯೂಟರೇ ತಾನೇ?"

"ಹೌದಮ್ಮಾ, ಆದ್ರೆ ಬೇರೆ ಥರದ್ದು. ಈಗ ನಿನ್ನ ಟ್ರಾಮನ್ನ ರೈಲು ಹಳಿ ಮೇಲೆ ಓಡಿಸಕ್ಕಾಗತ್ತಾ, ಹೇಳು?"

"ಯಾಕಾಗಲ್ಲ? ಎರಡೂ ಹಳಿ ಅಗಲ ಒಂದೇ. ಮೇಲಿನ ತಂತೀಲಿ ಬರೋ ಕರೆಂಟು ಮಾತ್ರ ಬೇರೆ. ನಡುವೆ ಒಂದು ಪೆಟ್ಟಿಗೆ ಕೂರಿಸಿದ್ರೆ ಓಡತ್ತೆ."

ಇಲ್ವಾ ನಿಟ್ಟುಸಿರು ಬಿಟ್ಟಳು. "ಹಾಗಾದ್ರೆ ಆ ಪೆಟ್ಟಿಗೆ ಹುಡುಕು. ನಾನು ಡ್ಯೂಟಿಗೆ ಹೊರಟೆ."

ಸಿಗ್ಬ್ರಿಟ್ ಹುಡುಕಿದಳು. ಅಂಥ ಪೆಟ್ಟಿಗೆ ನಿಜವಾಗಿಯೂ ಇತ್ತು. ವಿಂಡೋಸಿನ ಆಟ ಆಡುವ ಪ್ರತಿಯೊಂದು ಮಾತನ್ನೂ ಮ್ಯಾಕಿಗೆ ಅರ್ಥವಾಗುವ ಹಾಗೆ ಹೇಳುವ ಒಂದು ತಂತ್ರಾಂಶ. ಅವಳು ಅದಕ್ಕೆ ದುಭಾಷಿ ಎಂದು ಹೆಸರಿಟ್ಟಳು. ಅದನ್ನು ಕೂರಿಸುವ ಬಗೆಯನ್ನು ಗುರುತು ಪರಿಚಯವಿಲ್ಲದವರು ಅಂತರ್ಜಾಲದಲ್ಲಿ ಬಿಡಿಸಿ ಬಿಡಿಸಿ ಬರೆದಿಟ್ಟಿದ್ದರು. ಅವರಲ್ಲೊಬ್ಬರು ಏಳನೆಯ ಹಂತದ ಕೊನೆಗೆ, 'ಇಲ್ಲಿ ಏನೂ ಆಗುತ್ತಿಲ್ಲ ಎನಿಸುತ್ತದೆ. ಗಾಬರಿಯಾಗಬೇಡಿ, ಹೋಗಿ ಕಾಫಿ ಕುಡಿದು ಬನ್ನಿ' ಎಂದೂ ಸೇರಿಸಿದ್ದರು. ಮುಖ ಕಾಣದ ಆ ಮನುಷ್ಯನ ಮೇಲೆ ಅವಳಿಗೆ ವಿಶ್ವಾಸ ಹುಟ್ಟಿತು. ಕಾಫಿ ಕುಡಿದು ಬಂದಳು.

ಮೂರನೆಯ ದಿನ ಪರದೆಯ ಮೇಲೆ ಊರು ಮೂಡಿತು. ನಡುವೆ ಹರಿಯುವ ಹೊಳೆ ಅಚ್ಚ ಗುಲಾಬಿ ಬಣ್ಣದ್ದಾಗಿತ್ತು, ಮರಗಳಿಗೆ ಎಲೆಯಿರಲಿಲ್ಲ, ಕೂತ ಪ್ರಯಾಣಿಕರಿಗೆ ಮುಖವಿರಲಿಲ್ಲ. ಮ್ಯಾಕಿನ ಫ್ಯಾನು ನೀರು ಕುದಿಯುವ ಕೆಟಲಿನಂತೆ ಬುಸುಗುಟ್ಟುತ್ತಿತ್ತು. ಆದರೂ ಹಳಿ ಇತ್ತು. ಸಿಗ್ಬ್ರಿಟ್ ಬೆನ್ನು ನೆಟ್ಟಗೆ ಮಾಡಿ, ಬೆಳಿಗ್ಗೆ ಏಳಕ್ಕೆ ಸರಿಯಾಗಿ, ಮೂವತ್ತೊಂದು ವರ್ಷದ ರೂಢಿಯಂತೆ, ಎರಡನೇ ಲೈನಿನ ಮೊದಲ ಟ್ರಾಮನ್ನು ಹೊರಡಿಸಿದಳು.

ತೊಂದರೆ ಕಂಡದ್ದು ಮೊದಲ ನಿಲ್ದಾಣದಲ್ಲಿ. ಬಾಗಿಲು ತೆರೆಯುವ ಗುಂಡಿ ಕೀಲಿಮಣೆಯ ಬಲಗಡೆಯ ಅಂಕಿಗಳ ಗುಂಪಿನಲ್ಲಿದೆ ಎಂದು ಆಟ ಹೇಳುತ್ತಿತ್ತು. ಅವಳ ಮ್ಯಾಕಿಗೆ ಆ ಬಲಗಡೆಯೇ ಇರಲಿಲ್ಲ. ಮುಖವಿಲ್ಲದ ಪ್ರಯಾಣಿಕರು ಎದ್ದು ಬಂದು ಬಾಗಿಲ ಬಳಿ ನಿಂತರು. ಬಾಗಿಲು ತೆರೆಯದಿದ್ದಾಗ ಯಾರೂ ಏನೂ ಅನ್ನದೆ ಹೋಗಿ ಮತ್ತೆ ಕೂತರು. ಆಟ ಮಾಡಿದವರು ಈ ಊರಿನವರೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಸಿಗ್ಬ್ರಿಟ್‌ಗೆ ಪಾಪ ಎನಿಸಿತು. ಕ್ಷಮೆ ಕೇಳಲು ಇದ್ದದ್ದು ಟ್ರಾಮಿನ ಗಂಟೆಯೊಂದೇ. ಪ್ರತಿ ನಿಲ್ದಾಣದಲ್ಲೂ ಅದನ್ನು ಧಾರಾಳವಾಗಿ ಬಾರಿಸಿದಳು.

ಗುರುವಾರ ಅವಳ ಬಟ್ಟೆ ಒಗೆಯುವ ಸರದಿ. ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲ ಮನೆಗಳಿಗೂ ಸೇರಿ ಒಂದೇ ಒಗೆಯುವ ಕೋಣೆ. ಮನೆಮನೆಗೂ ಕಾದಿರಿಸಿದ ಹೊತ್ತು. ಅದರ ಬಾಗಿಲಿಗೆ ಒಂದು ಚೀಟಿ ಅಂಟಿತ್ತು.

'ಬೆಳಿಗ್ಗೆ ಏಳರಿಂದ ಮನೆಯೊಳಗೆ ಟ್ರಾಮ್ ಓಡಿಸುತ್ತಿರುವವರಿಗೆ: ಗಂಟೆ ಸ್ವಲ್ಪ ಮೆಲ್ಲಗಿರಲಿ. ವಂದನೆಗಳೊಂದಿಗೆ, ಒಬ್ಬ ನೆರೆಯವ.'

ಆ ಕಟ್ಟಡದಲ್ಲಿ ಯಾರೂ ಯಾರ ಬಾಗಿಲನ್ನೂ ತಟ್ಟುತ್ತಿರಲಿಲ್ಲ. ಹೇಳುವುದೇನಿದ್ದರೂ ಒಗೆಯುವ ಕೋಣೆಯ ಬಾಗಿಲಿಗೆ ಹೇಳುತ್ತಿದ್ದರು. ಸಿಗ್ಬ್ರಿಟ್ ಕಿವಿಯವರೆಗೆ ಕೆಂಪಾಗಿ, ಅದರ ಕೆಳಗೇ ಬರೆದಳು: 'ಕ್ಷಮಿಸಿ. ಬಾಗಿಲು ತೆರೆಯಲಾಗುತ್ತಿಲ್ಲ, ಜನ ಒಳಗೇ ಸಿಕ್ಕಿಕೊಂಡಿದ್ದಾರೆ. ಅದಕ್ಕೇ ಗಂಟೆ. ವಿಂಡೋಸಿನ ಆಟ, ಮ್ಯಾಕಿನಲ್ಲಿ ಆಡುತ್ತಿದ್ದೇನೆ, ಅಂಕಿಯ ಗುಂಡಿಗಳಿಲ್ಲ.'

ಮಧ್ಯಾಹ್ನ ಒಣಗಿದ ಹೊದಿಕೆಗಳನ್ನು ತರಲು ಹೋದಾಗ ಉತ್ತರ ಬಂದಿತ್ತು. 'ಓಹೋ, ಹಾಗೋ. ಹೊಳೆ ಗುಲಾಬಿ ಬಣ್ಣಕ್ಕಿದೆಯೇ?'

'ಇದೆ!' ಎಂದು ಅವಳು ದೊಡ್ಡ ಅಕ್ಷರದಲ್ಲಿ ಬರೆದಳು. ಪರದೇಶದಲ್ಲಿ ತನ್ನೂರಿನ ಮಾತು ಕಿವಿಗೆ ಬಿದ್ದಂತಾಗಿತ್ತು.

ಮರುದಿನ ಬಾಗಿಲಲ್ಲಿ ಇಡೀ ಹಾಳೆಯೊಂದಿತ್ತು. ಯಾವ ಪಟ್ಟಿಗೆ ಹೋಗಬೇಕು, ಯಾವ ಗುರುತು ತೆಗೆಯಬೇಕು, ಬಾಣದ ಚಿತ್ರಗಳ ಸಮೇತ. ಅಕ್ಷರಗಳು ಹಲ್ಲಿನ ಸಾಲಿನಂತೆ ಒಂದೇ ಸಮನಾಗಿದ್ದವು. ಅದರಿಂದಲೇ ಅವಳಿಗೆ ಬರೆದವನು ಯಾರೆಂದು ಹೊಳೆಯಿತು: ಕೆಳಗಿನ ಮನೆಯ ಸ್ಟೆಲ್ಲಾನ್, ಕಟ್ಟುಹಲ್ಲು ಮಾಡುವವನು, ಐವತ್ತರ ಆಸುಪಾಸಿನ ಒಂಟಿ ಮನುಷ್ಯ. ಗುರುವಾರಗಳಲ್ಲಿ ಅವಳ ಸರದಿ ಮುಗಿದೊಡನೆ ಅವನ ಸರದಿ. ಹನ್ನೊಂದು ವರ್ಷದಿಂದ ಇಬ್ಬರೂ ಮೆಟ್ಟಿಲ ಮೇಲೆ ಎದುರಾದಾಗ ತಲೆಯಾಡಿಸಿ ಗೋಡೆಗೆ ಸರಿಯುತ್ತಿದ್ದರು.

ಆ ಸಂಜೆಯೂ ಎದುರಾದರು.

"ಬಿಸಿಲು ಜಾಸ್ತಿ," ಎಂದ ಸ್ಟೆಲ್ಲಾನ್.

"ಹೌದು. ನಾಳೆ ಮೋಡ ಅಂತೆ," ಎಂದಳು ಸಿಗ್ಬ್ರಿಟ್.

ಇಬ್ಬರೂ ಗೋಡೆಗೆ ಸರಿದರು. ಅವಳು ಮೇಲೆ ಹೋಗಿ ಬಾಣಗಳನ್ನು ಹಿಂಬಾಲಿಸಿದಳು. ಹೊಳೆ ನೀರಿನ ಬಣ್ಣಕ್ಕೆ ತಿರುಗಿತು. ಪ್ರಯಾಣಿಕರಿಗೆ ಮುಖ ಬಂತು. ಒಬ್ಬಿಬ್ಬರು ಗುರುತಿನವರಂತೆಯೂ ಕಂಡರು.

ಮುಂದಿನ ಗುರುವಾರ ಅವಳು ಒಗೆಯುವ ಯಂತ್ರದ ಮೇಲೆ ಕಾಗದದ ಪೊಟ್ಟಣದಲ್ಲಿ ನಾಲ್ಕು ಏಲಕ್ಕಿ ಬನ್ನುಗಳನ್ನಿಟ್ಟು ಬಂದಳು. ಹೆಸರು ಬರೆಯಲಿಲ್ಲ. ಅದರ ಮುಂದಿನ ಗುರುವಾರ ಅದೇ ಪೊಟ್ಟಣ, ನೀಟಾಗಿ ಮಡಿಸಿದ್ದು, ಅದೇ ಜಾಗದಲ್ಲಿತ್ತು. ಒಳಗೆ ಅಂಗೈಯಗಲದ ಒಂದು ಕೀಲಿಮಣೆ, ಬರೀ ಅಂಕಿಗಳದ್ದು, ಮ್ಯಾಕಿಗೆ ಸಿಕ್ಕಿಸಲು ತಂತಿ. 'ನನಗೆ ಬೇಕಾಗಿಲ್ಲ. ಅವರನ್ನು ಇಳಿಸಿಬಿಡಿ, ಪಾಪ.'

ಮರುದಿನ ಬೆಳಿಗ್ಗೆ ಮೊದಲ ನಿಲ್ದಾಣದಲ್ಲಿ ಬಾಗಿಲು ತೆರೆಯಿತು. ಸಿಗ್ಬ್ರಿಟ್‌ಗೆ ಪ್ರಯಾಣಿಕರೆಲ್ಲ ಸಾಲಾಗಿ ಇಳಿಯುವುದು ಕಂಡಿತು. ಗಂಟೆಯನ್ನು ಒಂದೇ ಒಂದು ಸಲ, ಮೆಲ್ಲಗೆ ಬಾರಿಸಿದಳು. ಕೆಳಗಿನ ಮನೆಯಿಂದ ಚಾವಣಿಗೆ ಪೊರಕೆಯ ಹಿಡಿಯಿಂದ ಎರಡು ಸಲ ಕುಟ್ಟಿದ ಸದ್ದು ಬಂತು. ಇಷ್ಟು ವರ್ಷದಲ್ಲಿ ಆ ಕಟ್ಟಡದಲ್ಲಿ ಯಾರಾದರೂ ಸಂತೋಷಕ್ಕೆ ಚಾವಣಿ ಕುಟ್ಟಿದ್ದನ್ನು ಅವಳು ಕೇಳಿರಲಿಲ್ಲ.

ಉಳಿದದ್ದು ಒಂದೇ ಊನ. ಬ್ರೇಕಿನ ಗುಂಡಿ ಒತ್ತಿದರೆ ಟ್ರಾಮ್ ಅದನ್ನು ಕೇಳಿಸಿಕೊಳ್ಳಲು ಅರ್ಧ ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅವಳು ಗೆರೆಯನ್ನು ಮತ್ತೆ ಮತ್ತೆ ದಾಟಿ ಹೋದಳು, ಥೇಟ್ ಕೊನೆಯ ದಿನದಂತೆ. ಚೀಟಿ ಬರೆದಳು. ಉತ್ತರ ಬಂತು: 'ದುಭಾಷಿಗೂ ಉಸಿರು ತೆಗೆದುಕೊಳ್ಳಲು ಹೊತ್ತು ಬೇಕು. ನಾನೂ ಆರು ವರ್ಷದಿಂದ ಬೇರೆ ಬೇರೆ ಆಟಗಳನ್ನು ಹೀಗೇ ಆಡುತ್ತಿದ್ದೇನೆ. ಇದಕ್ಕೆ ಮದ್ದು ಸಿಕ್ಕಿಲ್ಲ.'

'ಸಿಗದಿದ್ದರೆ ಬಿಡಿ,' ಎಂದು ಅವಳು ಬರೆದಳು. 'ಹಿಂದೆ ಚಳಿಗಾಲದಲ್ಲಿ ಹಳೆಯ ಬಂಡಿಯಲ್ಲಿ ಗಾಲಿ ಜಾರದಿರಲೆಂದು ಹಳಿಗೆ ಮರಳು ಹಾಕಲು ಹೋಗುತ್ತಿದ್ದೆ. ಅದರ ಗಾಳಿ ಬ್ರೇಕೂ ಹೀಗೇ ತಡವಾಗಿ ಹಿಡಿಯುತ್ತಿತ್ತು. ಅರ್ಧ ಸೆಕೆಂಡು ಮೊದಲೇ ಒತ್ತಿದರಾಯಿತು.'

ಜುಲೈ ಕಳೆಯಿತು, ಆಗಸ್ಟ್ ಕಳೆಯಿತು. ದಿನಾ ಏಳಕ್ಕೆ ಹೊರಟು ಅರ್ಧ ಸೆಕೆಂಡು ಮೊದಲೇ ಒತ್ತುತ್ತ ಒತ್ತುತ್ತ ಅವಳ ಬೆರಳಿಗೆ ಅದೇ ಸಹಜವಾಯಿತು. ಆಗಸ್ಟಿನ ಕೊನೆಗೆ ಹನ್ನೆರಡು ನಿಲ್ದಾಣಗಳಲ್ಲೂ ಒಂದು ಗೇಣಿಗಿಂತ ಹೆಚ್ಚು ತಪ್ಪುತ್ತಿರಲಿಲ್ಲ. ಸೆಪ್ಟೆಂಬರಿನ ಮೊದಲ ಮಂಗಳವಾರ ಇಂಗೆಮಾರ್ ಜಗ್ಗನ್ನು ಎಂದಿನಂತೆ ಮುಂದಕ್ಕೆ ಜಾರಿಸಿದಾಗ ಅವಳು ಮನಸಾರೆ ನಕ್ಕಳು. ಅವನು ಅನುಮಾನದಿಂದ ನೋಡಿದ.

ಡಿಪೋ ಹಬ್ಬದ ದಿನ ಬಿಸಿಲಿತ್ತು. ಸಿಗ್ಬ್ರಿಟ್ ಹಿಂದಿನ ದಿನ ಒಗೆಯುವ ಕೋಣೆಯ ಬಾಗಿಲಿಗೆ, 'ಸ್ಪರ್ಧೆ ಶನಿವಾರ ಹನ್ನೊಂದಕ್ಕೆ. ಬರಲೇಬೇಕೆಂದೇನಿಲ್ಲ,' ಎಂದು ಚೀಟಿ ಹಾಕಿದ್ದಳು. ಆ ಊರಿನಲ್ಲಿ ಇದಕ್ಕಿಂತ ಬಲವಾಗಿ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಸ್ಟೆಲ್ಲಾನ್ ಕಾಫಿ ಫ್ಲಾಸ್ಕನ್ನು ಕಂಕುಳಲ್ಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದ.

ಮೇಜಿನ ಮೇಲೆ ಸಂಘದವರ ಕಂಪ್ಯೂಟರ್ ಇತ್ತು, ದೊಡ್ಡದು, ಕಪ್ಪನೆಯದು, ಅಪ್ಪಟ ವಿಂಡೋಸ್. ಸಿಗ್ಬ್ರಿಟ್ ಕೂತಳು, ಬೆನ್ನು ನೆಟ್ಟಗೆ ಮಾಡಿದಳು, ಹೊರಟಳು. ಮೊದಲ ನಿಲ್ದಾಣ ಬಂತು. ಬೆರಳು ತನ್ನ ಹೊತ್ತಿಗೆ ಸರಿಯಾಗಿ ಒತ್ತಿತು. ಈ ಕಂಪ್ಯೂಟರಿಗೆ ದುಭಾಷಿಯ ಹಂಗಿರಲಿಲ್ಲ. ಟ್ರಾಮ್ ಆ ಕ್ಷಣವೇ ಹಿಡಿದು ನಿಂತಿತು, ಬಿಳಿ ಗೆರೆಗೆ ನಾಲ್ಕು ಮೀಟರ್ ಹಿಂದೆ.

"ಏನೇ ಇದು ಸಿಗ್ಬ್ರಿಟ್!" ಎಂದು ಇಂಗೆಮಾರ್ ತೊಡೆ ತಟ್ಟಿದ. "ಆಗ ಮುಂದೆ ಹೋಗ್ತಿದ್ದೆ, ಈಗ ಬರೋದೇ ಇಲ್ಲ ಅಂತೀಯಾ? ಜನ ನಡ್ಕೊಂಡು ಬರ್ಬೇಕಾ?"

ಹಿಂದಿನ ಸಾಲಿನಲ್ಲಿ ಸ್ಟೆಲ್ಲಾನ್ ಕೈಯಿಂದ ಫ್ಲಾಸ್ಕಿನ ಮುಚ್ಚಳ ಜಾರಿ ಉರುಳಿತು. "ಅರ್ಧ ಸೆಕೆಂಡು!" ಎಂದು ಅವನು ಗಟ್ಟಿಯಾಗಿಯೇ ಅಂದುಬಿಟ್ಟ.

ಅವಳಿಗೂ ತಿಳಿಯಿತು. ಆದರೆ ಎರಡು ತಿಂಗಳು ಕಲಿಸಿದ್ದನ್ನು ಬೆರಳು ಎರಡು ನಿಮಿಷದಲ್ಲಿ ಮರೆಯುವುದುಂಟೇ? ಒಂದರಲ್ಲಿ ಹಿಂದೆ ನಿಂತಳು, ತಿದ್ದಿಕೊಳ್ಳಲು ಹೋಗಿ ಇನ್ನೊಂದರಲ್ಲಿ ಮುಂದೆ ಹೋದಳು. ಆರು ಜನರಲ್ಲಿ ಐದನೆಯವಳಾದಳು. ಅವಳ ಹಿಂದಿದ್ದವನು ಕನ್ನಡಕ ಮರೆತು ಬಂದಿದ್ದ. ಇಂಗೆಮಾರ್ ಗೆದ್ದ.

ಅವಳು ಹೋಗಿ ಸ್ಟೆಲ್ಲಾನ್ ಪಕ್ಕದ ಕುರ್ಚಿಯಲ್ಲಿ ಕೂತಳು. ಅವನು ಕಾಫಿ ಬಗ್ಗಿಸಿಕೊಟ್ಟ. ಮುಖ ಬಿಳಿಚಿಕೊಂಡಿತ್ತು.

"ನಾನೊಂದು ಹೇಳ್ಬೇಕು," ಎಂದ. "ನನ್ನ ನೆಲಮಾಳಿಗೆ ಗೂಡಲ್ಲಿ ಒಂದು ವಿಂಡೋಸ್ ಕಂಪ್ಯೂಟರ್ ಇದೆ. ಚೆನ್ನಾಗೇ ಇದೆ. ಆರು ವರ್ಷದಿಂದ ಸುಮ್ನೆ ಬಿದ್ದಿದೆ."

ಸಿಗ್ಬ್ರಿಟ್ ಬಟ್ಟಲನ್ನು ಕೆಳಗಿಟ್ಟಳು. "ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ದು ಮ್ಯಾಕಲ್ಲಿ ಹೇಗೆ ಆಡೋದು ಅಂತ. ಬೇರೆಯವರ ವಿಷಯದಲ್ಲಿ ಮೂಗು ತೂರಿಸ್ದಂಗಾಗತ್ತೇನೋ ಅಂತ..."

ಅವಳು ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಅವಳಿಗೆ ನಗು ಬಂತು, ದವಡೆ ನೋಯಿಸದ ನಗು. ಸ್ಟೆಲ್ಲಾನ್ ಕೂಡ, ಇದಕ್ಕೆ ಅನುಮತಿ ಬೇಕೇನೋ ಎಂಬಂತೆ ಅತ್ತಿತ್ತ ನೋಡಿ, ನಕ್ಕ.

ಅಷ್ಟರಲ್ಲಿ ಹೊರಗೆ ಹದಿನಾರನೇ ನಂಬರಿನ ಗಂಟೆ ಬಾರಿಸಿತು. ಎಲ್ಲರೂ ಅಂಗಳಕ್ಕೆ ಹೋದರು. ನಿಲ್ದಾಣದಲ್ಲಿ ನೆಲಕ್ಕೆ ಬಿಳಿ ಗೆರೆ ಬಳಿದಿತ್ತು. ಪಕ್ಕದಲ್ಲಿ ಮೇಜು, ಕಾಫಿ, ಹಸಿರು ಹೊದಿಕೆಯ ಕೇಕು. ಯಾರೋ ಕೇಕಿನ ತಟ್ಟೆಯನ್ನು ಸಿಗ್ಬ್ರಿಟ್ ಕೈಗೇ ಕೊಟ್ಟರು. ತಮಾಷೆಗಿರಬೇಕು.

ಇಂಗೆಮಾರ್ ಬೇರೆ ಊರಿನಿಂದ ವರ್ಗವಾಗಿ ಬಂದವನು. ಹಳೆಯ ಬಂಡಿಯನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಹಿತ್ತಾಳೆ ಗುಂಡಿಯ ಕೋಟು ಹಾಕಿಕೊಂಡು, ಟೋಪಿಯನ್ನು ಓರೆಯಾಗಿಟ್ಟು, ಅಂಗಳದ ತಿರುವಿನಲ್ಲಿ ರಾಜನಂತೆ ಬಂದ. ಗೆರೆ ಹತ್ತಿರವಾಯಿತು. ಸಿಗ್ಬ್ರಿಟ್‌ಳ ಬೆರಳು ಕೇಕಿನ ತಟ್ಟೆಯ ಅಡಿಯಲ್ಲಿ ತಾನಾಗಿ ಒತ್ತಿತು. ಈಗ, ಎಂದುಕೊಂಡಳು. ಇಂಗೆಮಾರ್ ಕೈ ಇನ್ನೂ ಅಲ್ಲಾಡಿರಲಿಲ್ಲ. ಆಮೇಲೆ ಅಲ್ಲಾಡಿತು. ಗಾಳಿ ಬುಸ್ಸೆಂದಿತು, ಯೋಚಿಸಿತು, ತಡವಾಗಿ ಹಿಡಿಯಿತು. ಹದಿನಾರನೇ ನಂಬರು ಬಿಳಿ ಗೆರೆಯನ್ನು ದಾಟಿತು, ಕಾಫಿಯನ್ನು ದಾಟಿತು, ಕೇಕನ್ನು ದಾಟಿತು. ನಿಂತವರ ತಲೆಗಳೆಲ್ಲ ಒಟ್ಟಿಗೆ ಎಡದಿಂದ ಬಲಕ್ಕೆ ತಿರುಗಿದವು. ಬಂಡಿ ನಿಂತಾಗ, ಅಳತೆ ಹಿಡಿದಂತೆ, ಒಂದೂವರೆ ಬಂಡಿಯಷ್ಟು ಆಚೆ ಇತ್ತು.

ಎಲ್ಲರೂ ಸಿಗ್ಬ್ರಿಟ್‌ಳನ್ನೇ ನೋಡಿದರು. ನಾಲಿಗೆಯ ತುದಿಯಲ್ಲಿ ನಾಲ್ಕು ವರ್ಷದ ದಾಸ್ತಾನು ಇತ್ತು. ಆದರೆ ಕಿಟಕಿಯಲ್ಲಿ ಅವಳಿಗೆ ಕಂಡದ್ದು ಇಂಗೆಮಾರ್‌ನ ಬೆನ್ನು. ಅವನು ಇಳಿಯಲೊಲ್ಲದೆ ಕೂತಿದ್ದ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ. ತಾನೂ ಅವತ್ತು ಹಾಗೇ ಕೂತಿದ್ದಳು, ಅದೆಷ್ಟೋ ಹೊತ್ತು.

ತಟ್ಟೆಯನ್ನು ಸ್ಟೆಲ್ಲಾನ್ ಕೈಗಿತ್ತು ಅವಳು ನಡೆದು ಹೋಗಿ ಬಂಡಿ ಹತ್ತಿದಳು.

"ಹೇಳೇ," ಎಂದ ಇಂಗೆಮಾರ್, ತಿರುಗದೆ. "ಏನ್ ಹೇಳ್ಬೇಕೋ ಹೇಳಿ ಮುಗಿಸ್ಬಿಡು."

"ಈ ಬ್ರೇಕು ಅರ್ಧ ಸೆಕೆಂಡು ತಡ ಕಣೋ. ಗೊತ್ತಿಲ್ಲದವ್ರು ಯಾರೇ ಆಗಿದ್ರೂ ಹೀಗೇ ಆಗ್ತಿತ್ತು."

ಅವನು ಟೋಪಿಯ ಅಂಚನ್ನು ಸವರಿದ. "ಅವತ್ತು ನಿನ್ನ ಬಂಡೀದೂ ಬ್ರೇಕು ತಡ ಆಗಿತ್ತಾ?"

"ಇಲ್ಲ. ಬ್ರೇಕು ಚೆನ್ನಾಗಿತ್ತು. ನೀವೆಲ್ಲ ಬಾವುಟ ಹಿಡ್ಕೊಂಡು ನಿಂತಿದ್ದು ಕಾಣಿಸ್ತು. ಆಮೇಲೆ ಕಣ್ಣಲ್ಲಿ ನೀರು ಬಂದು ಗೆರೆ ಕಾಣಿಸ್ಲಿಲ್ಲ."

ಇಂಗೆಮಾರ್ ಈಗ ತಿರುಗಿದ. "ನಾಲ್ಕು ವರ್ಷದಲ್ಲಿ ಒಂದು ಸಲ ಹೇಳ್ಬಾರ್ದಾಗಿತ್ತಾ?"

"ನೀನೂ ಒಂದು ಸಲ ಕೇಳ್ಬಹುದಾಗಿತ್ತು."

ಅವನು ಎದ್ದು ಬ್ರೇಕಿನ ಹಿತ್ತಾಳೆ ಹಿಡಿಯನ್ನು ಕಳಚಿ ಅವಳ ಕೈಯಲ್ಲಿಟ್ಟ. "ಈ ಬಂಡಿ ಹಿಂದಕ್ಕೆ ಹೋಗಲ್ಲ. ಸುತ್ತು ಹಾಕ್ಕೊಂಡೇ ಬರ್ಬೇಕು. ನೀನೇ ತಗೊಂಡು ಹೋಗು. ನಾನು ಹಿಂದುಗಡೆ ಕೂರ್ತೀನಿ."

ಸಿಗ್ಬ್ರಿಟ್ ಹಿಡಿಯನ್ನು ಸಿಕ್ಕಿಸಿದಳು. ಅಂಗಳದ ತಿರುವು, ಡಿಪೋದ ಗೋಡೆ, ಮತ್ತೆ ತಿರುವು. ಮುಂದೆ ಮೇಜು, ಜನ, ಕೇಕು ಹಿಡಿದ ಸ್ಟೆಲ್ಲಾನ್. ಕಣ್ಣು ಮಂಜಾಗತೊಡಗಿತು. ಆದರೆ ಈ ಸಲ ಕಣ್ಣಿನ ಅಗತ್ಯವಿರಲಿಲ್ಲ. ಎರಡು ತಿಂಗಳು ದುಭಾಷಿಯೊಡನೆ ಹೆಣಗಿದ ಕೈ ತಾನಾಗಿ, ಅರ್ಧ ಸೆಕೆಂಡು ಮೊದಲೇ, ಹಿಡಿಯನ್ನು ತಿರುಗಿಸಿತು. ಗಾಳಿ ಬುಸ್ಸೆಂದಿತು, ಯೋಚಿಸಿತು, ಹಿಡಿಯಿತು. ಬಂಡಿಯ ಮೂತಿ ಗೆರೆಯ ಮೇಲೆ ನಿಂತಿತು. ಬಾಗಿಲು ತೆರೆದಾಗ ಕೇಕಿನ ತಟ್ಟೆ ನೇರ ಎದುರಿಗಿತ್ತು. ಸ್ಟೆಲ್ಲಾನ್ ಒಂದು ಹೆಜ್ಜೆಯನ್ನೂ ಎತ್ತಿಡಬೇಕಾಗಲಿಲ್ಲ.

ಸಂಜೆ ನೆರೆಯವರಿಬ್ಬರೂ ಮನೆಯವರೆಗೂ ಒಟ್ಟಿಗೆ ನಡೆದು ಬಂದರು, ಹೆಚ್ಚೇನೂ ಮಾತಾಡದೆ. ಮೆಟ್ಟಿಲ ಬಳಿ ಸ್ಟೆಲ್ಲಾನ್, "ಆ ವಿಂಡೋಸ್ ಕಂಪ್ಯೂಟರ್... ಬೇಕಿದ್ರೆ ಮೇಲೆ ತಂದ್ಕೊಡ್ತೀನಿ," ಎಂದ.

"ಬೇಡಪ್ಪಾ. ಅದು ತುಂಬಾ ಅವಸರದ್ದು," ಎಂದಳು ಸಿಗ್ಬ್ರಿಟ್.

ಅಕ್ಟೋಬರಿನ ಮೊದಲ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಕಾಫಿ ಕೋಣೆಯಲ್ಲಿ ಕೂತರು. ಇಂಗೆಮಾರ್ ಕೆನೆಯ ಜಗ್ಗನ್ನು ತೆಗೆದುಕೊಂಡು ಅವಳ ಕಡೆ ಜಾರಿಸಿದ. ನಾಲ್ಕು ವರ್ಷದ ರೂಢಿ; ಜಗ್ಗು ಅವಳ ಬಟ್ಟಲನ್ನು ನಾಲ್ಕು ಬೆರಳಿನಷ್ಟು ದಾಟಿಯೇಬಿಟ್ಟಿತು. ಅವನ ಕೈ ಅಲ್ಲಿ ತಡೆಯಿತು. ಮೇಜಿನ ಸುತ್ತ ಯಾರೂ ನಗಲಿಲ್ಲ. ಅವನು ಕೆಂಪಾಗಿ, ಜಗ್ಗನ್ನು ಮೆಲ್ಲಗೆ ಹಿಂದಕ್ಕೆ ಎಳೆದು, ಅವಳ ಬಟ್ಟಲಿನ ಪಕ್ಕಕ್ಕೆ ಸರಿಯಾಗಿ ತಂದು ನಿಲ್ಲಿಸಿದ.

"ಗಾಳಿ ಬ್ರೇಕು," ಎಂದು ಗೊಣಗಿದ.

"ಅಭ್ಯಾಸ ಆಗತ್ತೆ ಬಿಡು," ಎಂದು ಸಿಗ್ಬ್ರಿಟ್ ಕೆನೆ ಬಗ್ಗಿಸಿಕೊಂಡಳು.